ಕಂಪನಿ ಕಾದರೆ ಒಂದು ಗಡುವು, ಕೊಡ ಕಾದರೆ ಇನ್ನೊಂದು

ಗಡುವು ಹಾಕುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನ ಒಂದು ಕಾಂಟ್ರಾಕ್ಟ್ ಕಂಪನಿಯ ಪ್ಲಾನಿಂಗ್ ಸೆಕ್ಷನ್‌ನಲ್ಲಿ ಕೂತು, ಯಾವ ಪಿಲ್ಲರಿಗೆ ಯಾವ ವಾರ ಕಾಂಕ್ರೀಟು, ಯಾವ ಸ್ಲ್ಯಾಬಿಗೆ ಯಾವತ್ತು ಸೆಂಟ್ರಿಂಗ್ ಬಿಚ್ಚಬಹುದು ಅಂತ ಕಂಪ್ಯೂಟರಿನಲ್ಲಿ ಬಣ್ಣದ ಪಟ್ಟಿ ಎಳೆಯುತ್ತೇನೆ. ಮನೆ ಮಾತ್ರ ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಕತ್ತಲಿರುವಾಗಲೇ ಬೆಂಗಳೂರಿನ ರೈಲು ಹತ್ತಿ, ಕತ್ತಲಾದ ಮೇಲೆ ಇಳಿಯುವ ಜನರಲ್ಲಿ ನಾನೂ ಒಬ್ಬಳು. ಗಡುವು ಹಾಕುವವಳು ಅಂತ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ನನಗೊಂದು ಹೆಸರು ಬಿದ್ದಿದೆ. ನಲ್ಲಿ ಪೈಪಿಗೆ ರಸ್ತೆ ಅಗೆದು ಬಿಟ್ಟರೆ, ಚರಂಡಿ ಅರ್ಧಕ್ಕೆ ನಿಂತರೆ, ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ: "ಅಕ್ಕಾ, ಇದು ಯಾವಾಗ ಮುಗಿಯುತ್ತೆ, ನಿಮಗೆ ಗೊತ್ತಿರಬೇಕಲ್ಲ?"

ನನಗೆ ಗೊತ್ತಿರುವುದಿಲ್ಲ. ಆದರೆ ಅವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ ಅಂತ ಗೊತ್ತು. 'ಯಾವಾಗ ಮುಗಿಯುತ್ತೆ' ಅಂದರೆ ಎದುರಿಗಿರುವವನು ಬಾಯಿಗೆ ಬಂದ ತಿಂಗಳು ಹೇಳುತ್ತಾನೆ, ಸಾಮಾನ್ಯವಾಗಿ ಮಾರ್ಚ್. 'ಈಗ ಯಾವುದಕ್ಕೆ ನಿಂತಿದೆ, ಅದು ಯಾರ ಕೈಲಿದೆ' ಅಂತ ಕೇಳಿದರೆ ಸುಳ್ಳು ಹೇಳುವುದು ಸ್ವಲ್ಪ ಕಷ್ಟ.

ಈ ಪಾಠ ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ. ನಮ್ಮಪ್ಪ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು ಗಣಿಯೊಳಗೆ ಮರ ಕಟ್ಟುವ ಕೆಲಸಕ್ಕೆ ಸೇರಿದವರು. ಬಂಡೆ ಕುಸಿಯದ ಹಾಗೆ ತೊಲೆ ಕೊಟ್ಟು ನಿಲ್ಲಿಸುವ ಕೆಲಸ. ಅವರ ಲೆಕ್ಕದಲ್ಲಿ ಭೂಮಿಯೊಳಗೆ ದಿನ ಅನ್ನುವುದೇ ಇರಲಿಲ್ಲ, ಸರದಿ ಮಾತ್ರ ಇತ್ತು. ತೊಲೆ ನಿಲ್ಲದೆ ತೂತು ಕೊರೆಯುವವರು ಒಳಗೆ ಕಾಲಿಡುವ ಹಾಗಿಲ್ಲ. ತೂತು ಮುಗಿಯದೆ ಮದ್ದು ತುಂಬುವ ಹಾಗಿಲ್ಲ. ಸಿಡಿಸಿದ ಮೇಲೆ ಹೊಗೆ ಹೋಗುವವರೆಗೆ ಯಾರೂ ಹತ್ತಿರ ಸುಳಿಯುವ ಹಾಗಿಲ್ಲ. ಆಮೇಲೆ ಕಲ್ಲು ಬಾಚುವವರು. ಆಮೇಲೆ ಮತ್ತೆ ಇವರು. ಸಾಹೇಬರು ಎಷ್ಟೇ ಕೂಗಾಡಿದರೂ ಹೊಗೆ ತನ್ನ ಹೊತ್ತಿಗೇ ಹೋಗುತ್ತಿತ್ತು. ಆದ್ದರಿಂದ ಸಿಡಿಸುವುದನ್ನು ಶಿಫ್ಟಿನ ಕೊನೆಗೆ ಇಟ್ಟು, ಆ ಶಿಫ್ಟಿನವರು ಮೇಲೆ ಹತ್ತಿ ಮುಂದಿನವರು ಇಳಿಯುವ ನಡುವಿನ ಹೊತ್ತನ್ನು ಹೊಗೆಗೆ ಬಿಟ್ಟುಕೊಡುತ್ತಿದ್ದರು. ನಾನು ಈಗ ಪ್ರೈಮಾವೆರಾ ಅನ್ನುವ ಶೆಡ್ಯೂಲ್ ಸಾಫ್ಟ್‌ವೇರಿನಲ್ಲಿ ಮಾಡುವುದೂ ಇಷ್ಟೇ, ಬಣ್ಣ ಜಾಸ್ತಿ.

ನಮ್ಮ ಕಸುಬಿನಲ್ಲಿ ಇದಕ್ಕೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ. ಒಂದಕ್ಕೊಂದು ಕಟ್ಟಿಬಿದ್ದ ಕೆಲಸಗಳ ಸಾಲುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು ಯಾವುದೋ ಅದೇ ಇಡೀ ಕಾಮಗಾರಿಯ ಉದ್ದ. ಆ ಸಾಲಿನಲ್ಲಿ ಒಂದು ದಿನ ಹೋದರೆ ಕೊನೆಯ ತಾರೀಖಿನಲ್ಲೂ ಒಂದು ದಿನ ಹೋಯಿತು. ಉಳಿದ ಸಾಲುಗಳಲ್ಲಿ ಒಂದಿಷ್ಟು ಬಿಡುವು ಇರುತ್ತದೆ, ಅದು ಫ್ಲೋಟ್. 1957-58ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯವರು ರೆಮಿಂಗ್ಟನ್ ರ್‍ಯಾಂಡ್ ಜೊತೆ ಸೇರಿ ಈ ಲೆಕ್ಕವನ್ನು ರೂಪಿಸಿದರು. ಅದೇ ಹೊತ್ತಿಗೆ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ ಇನ್ನೊಂದು ಲೆಕ್ಕ ಮಾಡಿಕೊಂಡಿತು. ಹೆನ್ರಿ ಗ್ಯಾಂಟ್ ಹೆಸರಿನ ಪಟ್ಟಿಚಿತ್ರ ಬಳಕೆಗೆ ಬಂದದ್ದು ಅದಕ್ಕೂ ಮುಂಚೆ, 1910ರ ದಶಕದಲ್ಲಿ. ಈ ಇಸವಿಗಳನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಲೆಕ್ಕ ಗೊತ್ತಿದ್ದರೆ ಸಾಲದು. ಸೈಟಿನಲ್ಲಿ ಒಬ್ಬ ವಯಸ್ಸಾದ ಸೆಂಟ್ರಿಂಗ್ ಮೇಸ್ತ್ರಿ ಇದ್ದಾರೆ, ಮುಳಬಾಗಿಲು ಕಡೆಯವರು. ನೀರಿನ ಟ್ಯಾಂಕ್ ಒಂದರ ಶೆಡ್ಯೂಲನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಶೆಡ್ಡಿನ ಗೋಡೆಗೆ ಅಂಟಿಸುತ್ತಿದ್ದೆ. ಅವರು ಬೀಡಿ ಆರಿಸಿ, ಹತ್ತಿರ ಬಂದು, ಬೆರಳಿಟ್ಟು ಒಂದೊಂದೇ ಪಟ್ಟಿ ನೋಡಿದರು.

"ಇದರಾಗೆ ಮಳೆ ಎಲ್ಲೈತೆ ತೋರ್ಸಮ್ಮಾ."

"ಮಳೆಗೆ ಅಂತ ಬೇರೆ ಹಾಕಿಲ್ಲ, ಒಟ್ಟಾರೆ ಹತ್ತು ದಿನ ಇಟ್ಟಿದೀನಿ ಮೇಸ್ತ್ರಿ."

"ದಸರಾ ಎಲ್ಲೈತೆ? ಒಡಿಶಾ ಹುಡುಗ್ರು ಊರಿಗೆ ಹೋದ್ರೆ ದೀಪಾವಳಿ ದಾಟಿಸ್ಕೊಂಡೇ ಬರೋದು."

ಆ ಹತ್ತು ದಿನ ಮಳೆಗೂ ಅಲ್ಲ, ದಸರಾಕ್ಕೂ ಅಲ್ಲ. ಮೇಲಿನವರು ಕಣ್ಣು ಹಾಕಿದಾಗ ಬಿಟ್ಟುಕೊಡಲಿಕ್ಕೆ ಅಂತ ಇಟ್ಟುಕೊಳ್ಳುವ ದಿನಗಳು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೀಟಿಂಗಿನಲ್ಲಿ ಮೊದಲು ಹಾರುವುದು ಫ್ಲೋಟೇ. "ಇಷ್ಟೊಂದು ಯಾಕಮ್ಮ, ಕಮ್ಮಿ ಮಾಡು" ಅನ್ನುತ್ತಾರೆ, ಮಾಡುತ್ತೇವೆ, ಕಾಗದದ ಮೇಲೆ ಕೆಲಸ ಬೇಗ ಮುಗಿಯುತ್ತದೆ. ಕಾಂಕ್ರೀಟಿಗೆ ಮೀಟಿಂಗಿನ ನಿರ್ಣಯ ಗೊತ್ತಿಲ್ಲವಾದ್ದರಿಂದ ಅದು ಲೆಕ್ಕದ ಗಟ್ಟಿತನಕ್ಕೆ ಬರಲು 28 ದಿನ ತೆಗೆದುಕೊಳ್ಳುತ್ತದೆ.

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ.

ಗ್ಯಾಂಟ್ ಪಟ್ಟಿ, ಕ್ರಿಟಿಕಲ್ ಪಾತ್, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದಲ್ಲಿ, 1902ರ ಜೂನ್ 30ರಂದು, ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ಕರೆಂಟು ಕೆಜಿಎಫ್ ಗಣಿಗೆ ಬಂತು. ದೂರ 92 ಮೈಲಿ, ಅಂದರೆ 148 ಕಿಲೋಮೀಟರ್. ಒತ್ತಡ 35 ಸಾವಿರ ವೋಲ್ಟ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮಗಿಂತ ಮೂರು ವರ್ಷ ಆಮೇಲೆ ಅಂತ ಕೆಜಿಎಫ್‌ನವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಈ ಕಥೆಯನ್ನು ಹೆಮ್ಮೆಗಾಗಿ ಓದುವವಳಲ್ಲ. ಕೆಲಸದ ಸರದಿ ಹೇಗೆ ಕೂಡಿಸಿದರು ಅಂತ ನೋಡುತ್ತೇನೆ.

ಮೈಸೂರು ಸಂಸ್ಥಾನದ ದಿವಾನ್ ಶೇಷಾದ್ರಿ ಅಯ್ಯರ್ ಮೊದಲು ಯಂತ್ರ ತರಿಸಲಿಲ್ಲ. ಮೊದಲು ಗಿರಾಕಿಯನ್ನು ಹಿಡಿದರು. ಗಣಿಗಳ ಆಡಳಿತ ನೋಡುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಜೊತೆ ವರ್ಷಗಟ್ಟಲೆಯ ಒಪ್ಪಂದ: ಇಷ್ಟು ಅಶ್ವಶಕ್ತಿ ಕೊಡುತ್ತೇವೆ, ಮೊದಲ ವರ್ಷ ದರ ಜಾಸ್ತಿ, ಆಮೇಲೆ ಇಳಿಯುತ್ತದೆ. ಸೌದೆ ಮತ್ತು ಕಲ್ಲಿದ್ದಲು ಸುಟ್ಟು ಸ್ಟೀಮ್ ಇಂಜಿನ್ ಓಡಿಸುತ್ತಿದ್ದ ಕಂಪನಿಗಳಿಗೆ ಅದು ಲಾಭ, ಸಂಸ್ಥಾನಕ್ಕೆ ಹಾಕಿದ ದುಡ್ಡು ಬೇಗ ವಾಪಸು. ಕೆಲಸ ಹೊತ್ತವರು ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯರ್ ಅನ್ನುವ ಕೆನಡಾ ಮೂಲದ ಸೇನಾ ಇಂಜಿನಿಯರ್. ಅವರು ಯುರೋಪು ಅಮೆರಿಕ ಸುತ್ತಿ ನೋಡಿ ಬಂದರು. ನೀರಿನ ಚಕ್ರ ಸ್ವಿಟ್ಜರ್ಲೆಂಡಿನ ಎಶರ್ ವೈಸ್‌ನಿಂದ, ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಹಡಗಿನಲ್ಲಿ ಬಂದ ಸಾಮಾನು ರೈಲಿನಲ್ಲಿ ಮದ್ದೂರಿನವರೆಗೆ, ಅಲ್ಲಿಂದ ಆನೆ, ಎತ್ತಿನ ಗಾಡಿ. ಒಂದು ಕಡೆ ಜಲಪಾತದ ಪಕ್ಕ ಕಾಲುವೆ, ಪವರ್ ಹೌಸಿನ ಕೆಲಸ. ಇನ್ನೊಂದು ಕಡೆ ಕಂಬ ನೆಡುವ ಕೆಲಸ. ಮತ್ತೊಂದು ಕಡೆ ಗಣಿಯಲ್ಲಿ ಸ್ಟೀಮ್ ತೆಗೆದು ಮೋಟರ್ ಕೂರಿಸುವ ಕೆಲಸ. ಮೂರೂ ಒಂದೇ ಕಾಲಕ್ಕೆ ಕೂಡದಿದ್ದರೆ ಯಾವುದೂ ಪ್ರಯೋಜನಕ್ಕಿಲ್ಲ. ಕಂಬ ನೆಟ್ಟು ಕರೆಂಟಿಲ್ಲದಿದ್ದರೆ ದಂಡ, ಕರೆಂಟಿದ್ದು ಮೋಟರ್ ಇಲ್ಲದಿದ್ದರೂ ದಂಡ.

ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಆನೆಯಲ್ಲ. ಶೇಷಾದ್ರಿ ಅಯ್ಯರ್ ಆ ಕರೆಂಟ್ ನೋಡಲಿಲ್ಲ. 1901ರಲ್ಲಿ ನಿವೃತ್ತರಾಗಿ, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಡುವೆ ತಂಬುಚೆಟ್ಟಿಯವರು ದಿವಾನರಾದರು, ಆಮೇಲೆ ಪಿ.ಎನ್. ಕೃಷ್ಣಮೂರ್ತಿ. ಎರಡು ವರ್ಷದ ಕಾಮಗಾರಿಯಲ್ಲಿ ಮೂವರು ದಿವಾನರು. ಕೆಲಸ ನಿಲ್ಲಲಿಲ್ಲ. 'ಹೊಸ ಸಾಹೇಬರು ಬಂದಿದ್ದಾರೆ, ಫೈಲ್ ಮತ್ತೆ ಮೊದಲಿನಿಂದ' ಅನ್ನುವ ಮಾತು ಆಗ ನಡೆಯಲಿಲ್ಲ. ಯಾಕೆಂದರೆ ಫೈಲಿನ ಆ ಬದಿಯಲ್ಲಿ ಸಹಿ ಹಾಕಿದ ಒಪ್ಪಂದ ಹಿಡಿದುಕೊಂಡು ಗಣಿ ಕಂಪನಿ ಕಾಯುತ್ತಿತ್ತು.

ಹತ್ತು ವರ್ಷದ ನಂತರ ಇದೇ ಇನ್ನೂ ದೊಡ್ಡದಾಗಿ ನಡೆಯಿತು. ಗಣಿಗೆ ಇನ್ನಷ್ಟು ಕರೆಂಟ್ ಬೇಕಾಯಿತು, ಬೇಸಿಗೆಯಲ್ಲಿ ಕಾವೇರಿ ಬಡವಾಗುತ್ತಿತ್ತು, ನೀರು ಕೂಡಿಡಬೇಕಾಗಿತ್ತು. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, ಮಂಡ್ಯದ ಗದ್ದೆಗೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಅವಸರದಲ್ಲಿ ಶುರು ಮಾಡಿಸಿದ್ದರಲ್ಲಿ ನಮ್ಮ ಗಣಿಯ ಪಾಲು ದೊಡ್ಡದು. 1911ರ ನವೆಂಬರಿನಲ್ಲಿ ಕೆಲಸ ಶುರು. ವಿಶ್ವೇಶ್ವರಯ್ಯನವರು ಆಗ ಚೀಫ್ ಇಂಜಿನಿಯರ್, ಮರುವರ್ಷ ದಿವಾನರು. ಗಣಿಗಳಿಗೆ 1915ರ ನಡುವಿನ ಹೊತ್ತಿಗೆ ಹೆಚ್ಚಿನ ವಿದ್ಯುತ್ ಕೊಡುತ್ತೇವೆ ಅಂತ ಮಾತು ಕೊಟ್ಟಾಗಿತ್ತು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ಆದರೆ ಕರೆಂಟಿಗೆ ಬೇಕಾಗಿದ್ದು ಪೂರ್ತಿ ಕಟ್ಟೆಯಲ್ಲ, ಒಂದು ಮಟ್ಟದವರೆಗೆ ನೀರು. ಅಷ್ಟನ್ನು ಮೊದಲು ಎಬ್ಬಿಸಿದರು, ಕೊಟ್ಟ ಮಾತಿಗೆ ನೀರು ಬಿಟ್ಟರು.

ಅದರಲ್ಲಿ ಇನ್ನೊಂದು ಎಳೆಯಿದೆ. ಕಾವೇರಿಯ ಕೆಳಭಾಗದ ಮದರಾಸು ಸರ್ಕಾರದ ತಕರಾರು ಆಗಲೂ ಇತ್ತು. ಮೈಸೂರಿಗೆ ಮೊದಲ ಹಂತಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಪೂರ್ತಿ ಎತ್ತರದ ಜಗಳ ಮಧ್ಯಸ್ಥ ಗ್ರಿಫಿನ್ ಅವರ 1914ರ ತೀರ್ಪು ದಾಟಿ 1924ರ ಒಪ್ಪಂದದವರೆಗೆ ಎಳೆಯಿತು. ವಿಶ್ವೇಶ್ವರಯ್ಯ ಏನು ಮಾಡಿದರು ಅಂದರೆ, ಒಪ್ಪಿಗೆ ಸಿಕ್ಕಿದ ಎತ್ತರಕ್ಕೆ ಕಟ್ಟುತ್ತಲೇ ಅಡಿಪಾಯವನ್ನು ಮುಂದಿನ ಎತ್ತರಕ್ಕೂ ಸಾಲುವಷ್ಟು ಅಗಲ ಹಾಕಿಸಿದರು. ಮದರಾಸಿನವರಿಗೆ ಸಿಟ್ಟು ಬಂತು, ಬರಬೇಕಾದ್ದೇ. ಅದು ಸರಿಯೋ ತಪ್ಪೋ ಅನ್ನುವುದು ವಕೀಲರ ಮಾತು. ಪ್ಲಾನಿಂಗಿನವಳ ಕಣ್ಣಿಗೆ ಕಾಣುವುದು ಇಷ್ಟು: ಜಗಳ ಬಗೆಹರಿಯುವವರೆಗೆ ಕೈಕಟ್ಟಿ ಕೂರದೆ, ಜಗಳವಿಲ್ಲದ ಕೆಲಸ ಯಾವುದು ಅಂತ ಹುಡುಕಿ ಅದನ್ನು ಮುಗಿಸಿದರು.

ಇದನ್ನೆಲ್ಲ ಓದಿ 'ಆಗಿನ ಕಾಲವೇ ಕಾಲ' ಅನ್ನುವವರ ಜೊತೆ ನಾನು ಸೇರುವುದಿಲ್ಲ. ಗಡುವು ಉಳಿಸಲು ಕನ್ನಂಬಾಡಿಯಲ್ಲಿ ಕೂಲಿಗಳು ಮಲೇರಿಯಾದಲ್ಲಿ ನರಳಿದರು. ಕನ್ನಂಬಾಡಿಯೂ ಸೇರಿ ಎಷ್ಟೋ ಹಳ್ಳಿಗಳು ಮುಳುಗಿದವು. 1902ರ ತಂತಿ ಯಾವ ಹಳ್ಳಿಗಳ ನೆತ್ತಿಯ ಮೇಲೆ ಹಾದು ಬಂತೋ ಆ ಹಳ್ಳಿಗಳ ಗುಡಿಸಲಿಗೆ ದೀಪ ಬರಲು ಇನ್ನೂ ಹಲವು ದಶಕ ಬೇಕಾದವು. ತಡವಾದದ್ದು ತಾಂತ್ರಿಕ ಕಾರಣಕ್ಕಲ್ಲ. ಅವರಿಗೆ ಯಾರೂ ಒಂದು ತಾರೀಖು ಬರೆದು ಕೊಟ್ಟಿರಲಿಲ್ಲ. ನಾನು ಹೇಳಬೇಕೆಂದಿರುವುದೇ ಇದು: ಕಾಮಗಾರಿಯ ವೇಗವನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಇಂಜಿನಿಯರೂ ಅಲ್ಲ, ದುಡ್ಡೂ ಅಲ್ಲ. ಅದರ ಕೊನೆಯಲ್ಲಿ ಯಾರು ಕಾಯುತ್ತಿದ್ದಾರೆ, ತಡವಾದರೆ ಅವರು ಏನು ಮಾಡಬಲ್ಲರು ಅನ್ನುವುದು.

ಯರಗೋಳ್ ನೋಡಿ. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ, ದಾರಿಯ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಯೋಜನೆ. ಕನ್ನಂಬಾಡಿಯ ಮುಂದೆ ಇದು ಆಟಿಕೆ. ಅಲ್ಲಿ ಒಂದಿಷ್ಟು ವರ್ಷದಲ್ಲಿ ಮೊದಲ ಹಂತ ಎದ್ದು ನಿಂತಿತು. ಇಲ್ಲಿ 2000ದ ದಶಕದಲ್ಲಿ ಶುರುವಾದ ಕೆಲಸ ಉದ್ಘಾಟನೆಯಾದದ್ದು 2023ರ ನವೆಂಬರಿನಲ್ಲಿ. ಹದಿನೈದು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು ಅಂತ ಓದುಗರೇ ಬೆರಳು ಮಡಚಿ ಎಣಿಸಿಕೊಳ್ಳಲಿ. ನದಿ ತಮಿಳುನಾಡಿಗೆ ಹರಿಯುವುದರಿಂದ ಅವರು ಸುಪ್ರೀಂ ಕೋರ್ಟಿಗೆ ಹೋದರು. 2019ರ ನವೆಂಬರಿನಲ್ಲಿ ಕೋರ್ಟ್ ಅವರ ಅರ್ಜಿಯನ್ನು ಒಪ್ಪಲಿಲ್ಲ. ಎಲ್ಲ ತಡಕ್ಕೂ ಆ ಕೇಸನ್ನೇ ಕಾರಣ ಮಾಡುವುದು ನಮ್ಮ ರಾಜಕಾರಣಿಗಳಿಗೆ ಅನುಕೂಲ. ಆದರೆ ಅರಣ್ಯ ಭೂಮಿ, ಖಾಸಗಿ ಜಮೀನು, ಏರುತ್ತ ಹೋದ ಅಂದಾಜು ವೆಚ್ಚ ಇವೆಲ್ಲ ಕೇಸಿಗಿಂತ ಮುಂಚಿನಿಂದ ಕೆಲಸದ ಕಾಲಿಗೆ ಸುತ್ತಿಕೊಂಡಿದ್ದವು.

ಆ ವರ್ಷಗಳಲ್ಲಿ ಬಂಗಾರಪೇಟೆಯಲ್ಲಿ ಕಾದವರು ಯಾರು? ನನ್ನ ದೊಡ್ಡಮ್ಮ ಕಾದರು. ಅವರ ಬೀದಿಯಲ್ಲಿ ಟ್ಯಾಂಕರ್ ಬರುವ ದಿನ ಕೊಡಗಳ ಸಾಲು ಹಿಂದಿನ ರಾತ್ರಿಯೇ ಹತ್ತುತ್ತಿತ್ತು. ಕೊಡದ ಬದಲು ಕಲ್ಲಿಟ್ಟು ಜಾಗ ಹಿಡಿಯುವುದು, ಯಾರದ್ದೋ ಕಲ್ಲನ್ನು ಯಾರೋ ಸರಿಸಿದ್ದಕ್ಕೆ ಜಗಳ, ಪ್ಲಾಸ್ಟಿಕ್ ಕೊಡ ಒಡೆದದ್ದಕ್ಕೆ ಇನ್ನೊಂದು ಜಗಳ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳು ಬರುವ ಜಿಲ್ಲೆ ಇದು. ದೊಡ್ಡಮ್ಮನ ಕೈಯಲ್ಲಿ ಜಾನ್ ಟೇಲರ್ ಕಂಪನಿಯ ಒಪ್ಪಂದದಂಥ ಕಾಗದ ಇರಲಿಲ್ಲ. ನೀರು ಹತ್ತು ವರ್ಷ ತಡವಾದರೆ ಟ್ಯಾಂಕರಿಗೆ ಕೊಟ್ಟ ದುಡ್ಡು ಅವರ ಸೆರಗಿನ ಗಂಟಿನಿಂದಲೇ ಹೋಯಿತು. ತಡ ಮಾಡಿದವರ ಸಂಬಳದಿಂದ ಹೋಗಲಿಲ್ಲ. ತಡದ ಖರ್ಚು ತಡ ಮಾಡಿದವನ ಲೆಕ್ಕಕ್ಕೆ ಬರದಿದ್ದರೆ ಯಾವ ಸಾಫ್ಟ್‌ವೇರ್ ಇಟ್ಟುಕೊಂಡರೂ ಕೆಲಸ ತಡವಾಗುತ್ತದೆ. ಇದು ನನ್ನ ಕಸುಬಿನವರು ಗಟ್ಟಿಯಾಗಿ ಹೇಳದ ಮಾತು.

'ಆಗ ರಾಜರ ಆಳ್ವಿಕೆ, ಜಮೀನು ಅಂದರೆ ಕೊಡಬೇಕಿತ್ತು. ಈಗ ಕಾನೂನಿದೆ, ಕೋರ್ಟಿದೆ, ಅರಣ್ಯ ಇಲಾಖೆಯಿದೆ' ಅನ್ನುತ್ತಾರೆ. ಒಪ್ಪುತ್ತೇನೆ. 2013ರ ಭೂಸ್ವಾಧೀನ ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು, ರೈತ ತನ್ನ ಜಮೀನಿಗೆ ಬೆಲೆ ಕೇಳುವ ಹಾಗಾಯಿತು. ಆದರೆ ಕಾನೂನು ಇದೆ ಅಂತ ಮೊದಲೇ ಗೊತ್ತಿದ್ದ ಮೇಲೆ ಅದಕ್ಕೆ ಹಿಡಿಯುವ ಕಾಲವನ್ನು ಶೆಡ್ಯೂಲಿನಲ್ಲಿ ಹಾಕಬೇಕಲ್ಲವೇ? ನಮ್ಮಲ್ಲಿ ಟೆಂಡರ್ ಕರೆದು, ಗುದ್ದಲಿ ಪೂಜೆ ಮಾಡಿ, ಕಂಟ್ರಾಕ್ಟರನಿಗೆ ವರ್ಕ್ ಆರ್ಡರ್ ಕೊಟ್ಟ ಮೇಲೆ ಜಮೀನಿನ ಸರ್ವೆಗೆ ಹೋಗುತ್ತಾರೆ. ಕಂಟ್ರಾಕ್ಟರ್ ಮೂರು ಜಾಗದಲ್ಲಿ ಅಗೆದು, ನಾಲ್ಕನೆಯ ಜಾಗ ಸಿಗಲಿಲ್ಲ ಅಂತ ಪತ್ರ ಬರೆದು, ಯಂತ್ರ ಬೇರೆ ಸೈಟಿಗೆ ಸಾಗಿಸುತ್ತಾನೆ. ಅವನದ್ದು ತಪ್ಪಲ್ಲ. ಆಮೇಲೆ ಕಾಲಾವಧಿ ವಿಸ್ತರಣೆ, ಆಮೇಲೆ ದರ ಪರಿಷ್ಕರಣೆ. ಜಮೀನು ಸಿಗುವ ಕೆಲಸ ನಮ್ಮ ಕ್ರಿಟಿಕಲ್ ಪಾತ್‌ನ ಮೊದಲ ಪಟ್ಟಿ ಆಗಿರಬೇಕಾದದ್ದು, ಪಟ್ಟಿಯಲ್ಲೇ ಇರುವುದಿಲ್ಲ. ಹೊಗೆ ಹೋಗುವ ಮುಂಚೆ ಜನರನ್ನು ಒಳಗೆ ಬಿಟ್ಟ ಹಾಗೆ.

ನಮ್ಮ ಮನೆಯ ಹತ್ತಿರದ ಉದಾಹರಣೆ ರೈಲು. ಬಂಗಾರಪೇಟೆ, ಆಗಿನ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ಹತ್ತು ಮೈಲಿ ಹಳಿ ಬಂದದ್ದು 1894ರಲ್ಲಿ, ಗಣಿಗಾಗಿಯೇ. ಹಳಿ ಅಲ್ಲೇ ಮುಗಿಯುತ್ತದೆ. ಮುಂದೆ ಆಂಧ್ರದ ಕುಪ್ಪಂಗೆ ಸೇರಿಸುವ, ಸುಮಾರು 24 ಕಿಲೋಮೀಟರಿನ ಹೊಸ ಮಾರ್ಗ ಮಂಜೂರಾದದ್ದು 2011-12ರ ಸುಮಾರಿಗೆ. ದಶಕ ದಾಟಿದರೂ ಅದರ ಮೇಲೆ ರೈಲು ಓಡಲಿಲ್ಲ. ಅಷ್ಟರಲ್ಲಿ ಕೇಳಿದ ಗಡುವುಗಳನ್ನು ನಮ್ಮ ಬೋಗಿಯಲ್ಲಿ ಜೋಕಿನ ಹಾಗೆ ಹೇಳಿಕೊಳ್ಳುತ್ತಾರೆ. ಹೆದ್ದಾರಿಯ ಕಥೆ ಇನ್ನೊಂದು ಬಗೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಒಟ್ಟು 262 ಕಿಲೋಮೀಟರ್. ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಮೇ ತಿಂಗಳಲ್ಲಿ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಹಾದು ಬೇತಮಂಗಲದ ಕಡೆಗೆ ಬರುವ ಕರ್ನಾಟಕದ ಭಾಗ, ಸುಮಾರು 71 ಕಿಲೋಮೀಟರ್, ಮೊದಲು ಸಿದ್ಧವಾಗಿ 2024ರ ಕೊನೆಯಲ್ಲಿ ವಾಹನಗಳಿಗೆ ತೆರೆಯಿತು. ಆಂಧ್ರ, ತಮಿಳುನಾಡಿನ ಭಾಗ ಆಗ ಸಿದ್ಧವಿರಲಿಲ್ಲ. ಹೀಗಾಗಿ ನಾಲ್ಕು ಪಥದ ರಸ್ತೆಯಲ್ಲಿ ಹಾರಿಕೊಂಡು ಬಂದ ಕಾರುಗಳೆಲ್ಲ ನಮ್ಮ ಕಡೆಯ ಸಣ್ಣ ರಸ್ತೆಗೆ ಇಳಿದು, ಟ್ರ್ಯಾಕ್ಟರ್ ಹಿಂದೆ, ಕುರಿ ಹಿಂಡಿನ ಹಿಂದೆ ನಿಂತವು. ಒಂದು ಪ್ಯಾಕೇಜ್ ಬೇಗ ಮುಗಿಸಿದ್ದಕ್ಕೆ ಚಪ್ಪಾಳೆ ತಟ್ಟಬಹುದು. ನನಗೆ ಮಾತ್ರ, ಆ ವಾಹನಗಳು ಇಳಿಯುವ ಸಣ್ಣ ರಸ್ತೆಯನ್ನು ಅಗಲ ಮಾಡುವ ಕೆಲಸ ಯಾರ ಪಟ್ಟಿಯಲ್ಲಿತ್ತು ಅಂತ ತಿಳಿಯಬೇಕು.

ಕಟ್ಟುವುದಕ್ಕೆ ಮಾತ್ರ ಶೆಡ್ಯೂಲ್ ಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ಮುಚ್ಚುವುದಕ್ಕೂ ಬೇಕು, ಇನ್ನೂ ಜಾಸ್ತಿ ಬೇಕು. ಕೆಜಿಎಫ್ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ನೂರಿಪ್ಪತ್ತು ವರ್ಷದ ಗಣಿ, ಮೂರು ಕಿಲೋಮೀಟರಿಗೂ ಆಳ, ಅದರ ಮೇಲೆ ಒಂದಿಡೀ ಊರು. ತಾರೀಖು ಒಂದು ಇತ್ತು, ಅದು ಬಾಗಿಲು ಹಾಕುವ ತಾರೀಖು. ಅದರ ಹಿಂದೆ ಮುಂದೆ ಏನೂ ಇರಲಿಲ್ಲ. ನೀರೆತ್ತುವ ಪಂಪ್ ನಿಂತಿತು, ಒಳಗೆ ನೀರು ತುಂಬಿತು. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಹಾಗೇ ಉಳಿದವು. ಗಾಳಿಗಾಲದಲ್ಲಿ ಅವುಗಳ ಧೂಳು ಇವತ್ತಿಗೂ ಒಣ ಹಾಕಿದ ಬಟ್ಟೆಗೆ, ಮುಚ್ಚದ ಅನ್ನದ ಪಾತ್ರೆಗೆ ಬಂದು ಕೂರುತ್ತದೆ. ಮೊದಲು ಯಾವ ಶಾಫ್ಟ್, ಆಮೇಲೆ ಯಾವುದು, ದಿಬ್ಬಕ್ಕೆ ಹಸಿರು ಯಾವ ವರ್ಷ, ಲೈನ್ ಮನೆಗಳ ಹಕ್ಕುಪತ್ರ ಯಾವಾಗ, ಆಸ್ಪತ್ರೆಯನ್ನು ಯಾರು ನಡೆಸುವುದು, ಶಿಫ್ಟಿಗೆ ಇಳಿಯುತ್ತಿದ್ದ ಗಂಡಸರು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗುವುದು: ಇವೆಲ್ಲ ಒಂದಕ್ಕೊಂದು ಕಟ್ಟಿದ ಕೆಲಸಗಳು. ಸರದಿ ಹಾಕಿದ್ದರೆ ಐದು ವರ್ಷದಲ್ಲಿ ಇಳಿಸಬಹುದಾಗಿದ್ದ ಹೊರೆಯನ್ನು ಒಂದೇ ದಿನ ಊರಿನ ತಲೆಯ ಮೇಲೆ ಎತ್ತಿ ಹಾಕಿದರು. ಗಂಡಸರು ಎಲ್ಲಿಗೆ ಹೋದರು ಅನ್ನುವುದಕ್ಕೆ ಉತ್ತರ ನಮ್ಮ ಬೆಳಗಿನ ರೈಲು. ಈಗ ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಮಾತು ಮತ್ತೆ ನಡೆಯುತ್ತಿದೆ. ಚಿನ್ನ ಎಷ್ಟಿದೆ ಅನ್ನುವ ಅಂದಾಜನ್ನು ಎಲ್ಲರೂ ಹೇಳುತ್ತಾರೆ. ಧೂಳು ಏಳದ ಹಾಗೆ ಯಾವ ತಿಂಗಳು ಯಾವ ದಿಬ್ಬ ಮುಟ್ಟುತ್ತಾರೆ ಅಂತ ಹೇಳುವವರನ್ನು ನಾನಿನ್ನೂ ಕಂಡಿಲ್ಲ. ಆ ಪಟ್ಟಿ ಇಲ್ಲದೆ ಯಾರೂ ಸಹಿ ಹಾಕಬಾರದು.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಬೇಡಿಕೆ ದೊಡ್ಡದೇನಲ್ಲ. ಕಾಮಗಾರಿ ನಡೆಯುವ ಜಾಗದಲ್ಲಿ ಹಳದಿ ಫಲಕ ನಿಲ್ಲಿಸುತ್ತಾರಲ್ಲ, ಅದರಲ್ಲಿ ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಶುರುವಾದ ದಿನ, ಮುಗಿಯುವ ದಿನ ಬರೆದಿರುತ್ತದೆ. ಶಾಸಕರ ಹೆಸರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ, ಇರಲಿ. ಮುಗಿಯುವ ದಿನದ ಕೆಳಗೆ ಇನ್ನು ನಾಲ್ಕೈದು ಸಾಲು ಹಾಕಲಿ: ಜಮೀನು ಯಾವಾಗ ಸಿಗಬೇಕು, ಯಾವ ಕಚೇರಿಯಿಂದ, ಅರಣ್ಯದ ಅನುಮತಿ ಯಾವಾಗ, ಪೈಪ್ ಯಾವಾಗ ಬರಬೇಕು, ಬೆಸ್ಕಾಂ ಲೈನ್ ಯಾವಾಗ ಸರಿಸಬೇಕು. ಸಿಕ್ಕಿದ್ದಕ್ಕೆ ಒಂದು ಗೆರೆ ಎಳೆಯಲಿ. ಯಾವುದು ಸಿಕ್ಕಿಲ್ಲವೋ ಅದು ತಾನಾಗಿ ಎದ್ದು ಕಾಣುತ್ತದೆ. ಕಾಲಾವಧಿ ವಿಸ್ತರಣೆ ಕೊಟ್ಟರೆ ಎಷ್ಟನೆಯ ಸಲ, ಯಾವ ಕಾರಣಕ್ಕೆ ಅಂತ ಅದೇ ಫಲಕದಲ್ಲಿ ಬರೆಯಲಿ. ಬಣ್ಣ ಬಳಿಯಲು ಒಬ್ಬ ಪೇಂಟರ್ ಸಾಕು. ಮತ್ತೆ ಜಮೀನು ಕೈಗೆ ಬರುವ ಮುಂಚೆ ಗುದ್ದಲಿ ಪೂಜೆ ಮಾಡುವುದನ್ನು ನಿಲ್ಲಿಸಲಿ. ದೇವರಿಗೂ ಅಷ್ಟು ಅವಸರ ಇಲ್ಲ.

ಇನ್ನೊಂದು, ಕೆಡಿಪಿ ಸಭೆಯ ಪುಸ್ತಕ. ಜಿಲ್ಲೆಯ ಎಲ್ಲ ಇಲಾಖೆಯವರು ಹೋಗಿ ಭೌತಿಕ ಪ್ರಗತಿ ಶೇಕಡಾ ಇಷ್ಟು, ಆರ್ಥಿಕ ಪ್ರಗತಿ ಶೇಕಡಾ ಇಷ್ಟು ಅಂತ ಓದುವ ಸಭೆ ಅದು. ಆ ಶೇಕಡಾ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಅಣೆಕಟ್ಟು ಶೇ. 90 ಮುಗಿದಿರಬಹುದು; ಅಲ್ಲಿಂದ ಊರಿಗೆ ಬರುವ ಪೈಪಿಗೆ ಒಬ್ಬ ರೈತನ ಇಪ್ಪತ್ತು ಗುಂಟೆ ಸಿಗದಿದ್ದರೆ ನಲ್ಲಿಯಲ್ಲಿ ಬರುವ ನೀರು ಶೇ. 90 ಅಲ್ಲ, ಸೊನ್ನೆ. ಖರ್ಚಾದ ದುಡ್ಡಿನ ಶೇಕಡಾವಂತೂ ಮಾರ್ಚ್ ತಿಂಗಳಿನಲ್ಲಿ ತಾನಾಗಿ ಏರುತ್ತದೆ, ಅದಕ್ಕೆ ಕೆಲಸ ಏರಬೇಕು ಅಂತಿಲ್ಲ. ಆ ಎರಡು ಅಂಕಣ ತೆಗೆದು ಬೇರೆ ಎರಡು ಹಾಕಲಿ. ಒಂದರಲ್ಲಿ, ಜನರ ಕೈಗೆ ಕೆಲಸ ಸಿಗಲು ಇನ್ನೆಷ್ಟು ದಿನ, ಕಳೆದ ಸಭೆಯಲ್ಲಿ ಎಷ್ಟು ದಿನ ಅಂದಿದ್ದಿರಿ. ಇನ್ನೊಂದರಲ್ಲಿ, ಇವತ್ತು ಕೆಲಸ ಯಾವ ಹುದ್ದೆಯ ಅಧಿಕಾರಿಯ ಮೇಜಿನ ಮೇಲೆ ನಿಂತಿದೆ. ಆ ಪುಸ್ತಕದ ಒಂದು ಪ್ರತಿಯನ್ನು ತಾಲ್ಲೂಕು ಕಚೇರಿಯ ಹೊರಗಿನ ಗೋಡೆಗೆ ಅಂಟಿಸಲಿ, ಕಾಯುತ್ತಿರುವವರೂ ಓದಲಿ.